ಬೆರಳುಗಳ ಬಹುವಚನ

ನಮ್ಮ ಜಿಲ್ಲೆಯ ಈ ಪತ್ರಿಕೆಯಲ್ಲಿ ಶಾಸನಗಳನ್ನೂ ವಚನಗಳನ್ನೂ ಕುರಿತ ಲೇಖನಗಳನ್ನು ಓದಿ ಸಂತೋಷಪಡುವ ವಾಚಕರು, ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿ ಬೆಳೆದ ನಿವೃತ್ತ ಮಾಸ್ತರನೊಬ್ಬನು ಗಣಕಯಂತ್ರದ ವಿಷಯವಾಗಿ ಬರೆಯಲು ಕುಳಿತುದನ್ನು ಕಂಡು ಹುಬ್ಬೇರಿಸಬಹುದು. ‘ಇವನಿಗೇಕೆ ಈ ಗೊಡವೆ?’ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯು ನ್ಯಾಯವಾದುದೇ ಸರಿ. ಒಂದು ಓಲೆಯ ಕಟ್ಟನ್ನು ಓದಿಸಬೇಕೆಂಬ ಕೆಲಸವು ನನ್ನನ್ನು ಈ ದಾರಿಗೆ ಎಳೆದು ತಂದಿತು. ಆ ದಾರಿಯಲ್ಲಿ ನಡೆಯುತ್ತಿರಲು, ಬಾಲ್ಯದಿಂದಲೂ ಬಲ್ಲ ವ್ಯಾಕರಣದ ಒಂದು ಸಣ್ಣ ಸಂಗತಿಯು ಹೊಸ ಬೆಳಕಿನಲ್ಲಿ ಕಾಣಿಸಿತು. ಆದುದರಿಂದ ವಾಚಕರು ಸ್ವಲ್ಪ ಹೊತ್ತು ತಾಳ್ಮೆಯಿಂದ ನನ್ನೊಡನೆ ಬರಬೇಕೆಂದು ಬೇಡಿಕೊಳ್ಳುತ್ತೇನೆ.

ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ಆವರಿಸಿದಾಗ ಎಷ್ಟೋ ಮನೆತನಗಳು ನವನಗರಕ್ಕೆ ಬಂದು ನೆಲೆಸಿದುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಬಿಡುವ ಗಡಿಬಿಡಿಯಲ್ಲಿ ಅಟ್ಟದ ಮೇಲಿನ ಗಂಟುಗಳು ಕೆಳಗಿಳಿದವು. ಕೆಲವು ಅಲ್ಲಿಯೇ ಉಳಿದು ನೀರುಪಾಲಾದವು. ಕೆಲವು ಹೊಸ ಮನೆಗಳ ಟ್ರಂಕುಗಳನ್ನು ಸೇರಿದವು. ನಿವೃತ್ತಿಯ ಬಳಿಕ ನಾವು ಮೂವರು ಗೆಳೆಯರು ಅಂಥ ಗಂಟುಗಳನ್ನು ಕೇಳಿ ತಂದು, ಓಲೆಗಳನ್ನು ಮೆಲ್ಲನೆ ಒರಸಿ, ಒಂದೊಂದರ ಛಾಯಾಚಿತ್ರವನ್ನು ತೆಗೆದು, ಮೂಲವನ್ನು ಮನೆಯವರಿಗೆ ಮರಳಿಸುವ ಕೆಲಸವನ್ನು ಕೈಕೊಂಡೆವು. ಅವುಗಳಲ್ಲಿ ಒಂದು ಕಟ್ಟು ೧೧೨ ಗರಿಗಳದು. ಭಾಷೆ ಸಂಸ್ಕೃತ; ಲಿಪಿ ನಂದಿನಾಗರಿ. ವಿಜಯನಗರದ ಅರಸರ ತಾಮ್ರಶಾಸನಗಳಲ್ಲಿ ಮೆರೆದ ಈ ಲಿಪಿಯು ದೇವನಾಗರಿಯ ಸೋದರಿಯಾದರೂ ಇದರ ಅಕ್ಷರಗಳ ತಲೆಕಟ್ಟುಗಳು ಒಂದಕ್ಕೊಂದು ಕೂಡದೆ ಬೇರೆಬೇರೆಯಾಗಿ ನಿಲ್ಲುತ್ತವೆ. ಜಗತ್ತಿನ ಲಿಪಿಗಳಿಗೆಲ್ಲ ಗಣಕಯಂತ್ರದಲ್ಲಿ ಸ್ಥಾನ ಕೊಡುವ ಯೂನಿಕೋಡಿನಲ್ಲಿ ಇದಕ್ಕೆ ಎಡೆ ದೊರೆತದ್ದು ೨೦೧೯ರಲ್ಲಿ. ಆದರೆ ಎಡೆ ದೊರೆತ ಮಾತ್ರಕ್ಕೆ ಓದುವವರು ದೊರೆಯುವುದಿಲ್ಲ. ಇದನ್ನು ತಡವರಿಸದೆ ಓದಬಲ್ಲವರೆಂದು ನಮಗೆ ಗೊತ್ತಿದ್ದವರು ಒಬ್ಬರೇ: ಹುನಗುಂದದ ಹಿರಿಯ ಶಾಸ್ತ್ರಿಗಳು. ಅವರಿಗೀಗ ೮೪ ವರ್ಷ. ಬುದ್ಧಿ ಚುರುಕಾಗಿದೆ, ಕಣ್ಣು ಮಂದವಾಗಿದೆ, ಕೈ ನಡುಗುತ್ತದೆ.

ಓಲೆಯನ್ನು ಓದುವ ರೀತಿಯೇ ಬೇರೆ. ಕಂಠದಿಂದ ಕೊರೆದ ಗೆರೆಗಳಲ್ಲಿ ಮಸಿ ಉಳಿದಿದ್ದರೆ ಅಕ್ಷರವು ಎದ್ದು ಕಾಣುತ್ತದೆ; ಅಳಿಸಿಹೋಗಿದ್ದರೆ ಗರಿಯನ್ನು ಎರಡು ಕೈಗಳಲ್ಲಿ ಹಿಡಿದು, ಬೆಳಕಿಗೆ ಓರೆಮಾಡಿ, ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಒಯ್ದು ನೋಡಬೇಕು. ಶಾಸ್ತ್ರಿಗಳ ನಡುಗುವ ಕೈಯಲ್ಲಿ ಸಿಡಿದು ಮುರಿಯುವ ಗರಿಗಳನ್ನು ಕೊಡಲು ನಮಗೆ ಧೈರ್ಯ ಸಾಲದು. ಚಿತ್ರವನ್ನು ತೆರೆಯ ಮೇಲೆ ತೋರಿಸೋಣವೆಂದರೆ ಮೌಸನ್ನು ಅವರು ಹಿಡಿಯಲಾರರು. ಬಾಣದ ತುದಿಯು ಅವರು ಬಯಸಿದ ಎಡೆಯಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಆದರೆ ಮೊಮ್ಮಗಳ ಮೊಬೈಲಿನಲ್ಲಿ ಎರಡು ಬೆರಳುಗಳನ್ನಿಟ್ಟು ಅಗಲಿಸಿ ಚಿತ್ರವನ್ನು ದೊಡ್ಡದು ಮಾಡುವುದನ್ನು ಅವರು ಆಗಲೇ ಕಲಿತಿದ್ದರು. ಎರಡು ಬೆರಳುಗಳೂ ಗಾಜಿನ ಮೇಲೆ ಊರಿಕೊಂಡಾಗ ನಡುಕವು ಎಷ್ಟೋ ಕಡಿಮೆಯಾಗುತ್ತಿತ್ತು. ಮೊಬೈಲಿನ ತೆರೆ ಮಾತ್ರ ಚಿಕ್ಕದು. ಮೊಳದುದ್ದದ ಗರಿಯನ್ನು ಅದರಲ್ಲಿ ನೋಡುವುದೆಂದರೆ ಕಿಂಡಿಯಿಂದ ತೇರನ್ನು ನೋಡಿದಂತೆ.

ಆದುದರಿಂದ ಮುಟ್ಟಿದರೆ ಓಗೊಡುವ ತೆರೆಯುಳ್ಳ ಲ್ಯಾಪ್‌ಟಾಪೊಂದನ್ನು ಹಳೆಯದನ್ನೇ ಕೊಂಡೆವು. ಇಳಕಲ್ಲಿನ ನೇಕಾರರ ಮನೆಯವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅದರಲ್ಲಿ ಲಿನಕ್ಸನ್ನು ಹೂಡಿ ಕೊಟ್ಟನು. ಲಿನಕ್ಸೆಂಬುದು ೧೯೯೧ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್‌ಲ್ಯಾಂಡಿನ ವಿದ್ಯಾರ್ಥಿಯು ಆರಂಭಿಸಿ, ಆಮೇಲೆ ನಾನಾ ದೇಶಗಳ ಜನರು ಕೂಡಿ ಬೆಳೆಸಿದ ವ್ಯವಸ್ಥೆ. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು, ಒಳಗನ್ನು ಓದಿ ತಿದ್ದಬಹುದು. ಎಲ್ಲವೂ ಸಿದ್ಧವಾಯಿತೆಂದು ಹುನಗುಂದಕ್ಕೆ ಹೋದೆವು. ಚಿತ್ರಗಳನ್ನು ತಿದ್ದುವ ಹಳೆಯ ಪ್ರೋಗ್ರಾಮೊಂದರಲ್ಲಿ ಮೊದಲನೆಯ ಗರಿಯನ್ನು ತೆರೆದಿಟ್ಟೆವು. ಶಾಸ್ತ್ರಿಗಳು ಎರಡು ಬೆರಳುಗಳನ್ನಿಟ್ಟು ಅಗಲಿಸಿದರು. ಚಿತ್ರವು ಕದಲಲಿಲ್ಲ, ಅದರ ಮೇಲೆ ಚುಕ್ಕೆಗಳ ಒಂದು ಚೌಕವು ಮೂಡಿತು. ಮತ್ತೆ ಮಾಡಿದರು, ಮತ್ತೊಂದು ಚೌಕ ಮೂಡಿತು.

“ತಮ್ಮಾ, ಎರಡು ಬೆರಳು ಇಟ್ಟೇನಿ. ಇದಕ್ಕ ಒಂದs ಕಾಣತದೇನು?” ಎಂದು ಅವರು ಕೇಳಿದರು.

ಅವರು ವಿನೋದಕ್ಕೆಂದು ಆಡಿದ ಮಾತು ಅಕ್ಷರಶಃ ನಿಜವಾಗಿತ್ತು. ಅದರ ಕಾರಣವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಡಗ್ಲಸ್ ಎಂಗಲ್‌ಬಾರ್ಟ್ ಎಂಬವರು ಮೌಸನ್ನು ಜನರ ಮುಂದೆ ಪ್ರದರ್ಶಿಸಿದ್ದು ೧೯೬೮ರಲ್ಲಿ. ಅಮೇರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ೧೯೮೪ರಲ್ಲಿ ‘ಎಕ್ಸ್’ ಎಂಬ ವ್ಯವಸ್ಥೆಯು ಹುಟ್ಟಿತು. ತೆರೆಯ ಮೇಲಿನ ಕಿಟಕಿಗಳನ್ನು ಏರ್ಪಡಿಸುವುದೂ, ಕೀಲಿಮಣೆ ಮೌಸುಗಳ ಸುದ್ದಿಯನ್ನು ಆಯಾ ಪ್ರೋಗ್ರಾಮಿಗೆ ಮುಟ್ಟಿಸುವುದೂ ಅದರ ಕೆಲಸ. ಅದರ ಹನ್ನೊಂದನೆಯ ರೂಪವು ೧೯೮೭ರಲ್ಲಿ ಹೊರಬಂದಿತು. ಲಿನಕ್ಸಿನ ಮೇಜುಗಣಕಗಳು ಅದನ್ನೇ ದಶಕಗಳ ಕಾಲ ಆಶ್ರಯಿಸಿದವು. ಮನುಷ್ಯನಿಗೆ ಒಂದು ಮೌಸು, ತೆರೆಗೆ ಒಂದು ಬಾಣ ಎಂಬುದು ಆ ಕಾಲದ ಸಹಜ ಭಾವನೆ. ‘ಬಾಣವು ಇಲ್ಲಿದೆ, ಗುಂಡಿ ಒತ್ತಿತು, ಗುಂಡಿ ಬಿಟ್ಟಿತು’ ಎಂಬಿಷ್ಟು ವಾಕ್ಯಗಳಿಂದಲೇ ಆ ಭಾಷೆಯು ತೃಪ್ತಿಪಟ್ಟಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅದರ ಕರ್ತೃಪದಕ್ಕೆ ಏಕವಚನವೊಂದೇ ಇದ್ದಿತು.

ಸಂಸ್ಕೃತವನ್ನು ಕಲಿಯುವ ಹುಡುಗನು ‘ರಾಮಃ, ರಾಮೌ, ರಾಮಾಃ’ ಎಂದು ಮೊದಲ ದಿನಗಳಲ್ಲಿಯೇ ಮೂರು ವಚನಗಳನ್ನು ಉರು ಹೊಡೆಯುತ್ತಾನೆ. ಕನ್ನಡಕ್ಕೆ ದ್ವಿವಚನವಿಲ್ಲ, ‘ಎರಡು ಕಣ್ಣುಗಳು’ ಎಂದು ಸಂಖ್ಯೆಯನ್ನು ಸೇರಿಸಿ ನಾವು ಕೆಲಸ ಸಾಗಿಸುತ್ತೇವೆ. ಆದರೆ ಏಕವಚನವೊಂದೇ ಇರುವ ಭಾಷೆಯಲ್ಲಿ ಇಬ್ಬರು ಒಟ್ಟಿಗೆ ಬಂದರೆಂದು ಹೇಳುವುದು ಹೇಗೆ? ‘ಒಬ್ಬನು ಬಂದನು, ಥಟ್ಟನೆ ಅತ್ತ ಹಾರಿದನು, ಥಟ್ಟನೆ ಇತ್ತ ಹಾರಿದನು’ ಎಂದು ಹೇಳಬೇಕಾದೀತು, ಇಲ್ಲವೇ ಎರಡನೆಯವನನ್ನು ಬಿಟ್ಟೇ ಬಿಡಬೇಕಾದೀತು. ಶಾಸ್ತ್ರಿಗಳ ಎರಡನೆಯ ಬೆರಳಿಗೆ ಒದಗಿದ ಗತಿಯು ಇದೇ. ಮೊದಲನೆಯ ಬೆರಳನ್ನು ಮೌಸೆಂದು ಬಗೆದು ಪ್ರೋಗ್ರಾಮು ಚೌಕವನ್ನು ಎಳೆಯಿತು. ಎರಡನೆಯದು ಅದರ ಭಾಷೆಯಲ್ಲಿ ಇರಲೇ ಇಲ್ಲ.

ಅನೇಕ ಬೆರಳುಗಳ ಸ್ಪರ್ಶವನ್ನು ಅರಿಯುವ ಉಪಕರಣವು ಹೊಸದೇನಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ನಿಮಿಷ್ ಮೆಹ್ತಾ ಎಂಬವರು ೧೯೮೨ರಲ್ಲಿಯೇ ಅಂಥದೊಂದನ್ನು ರಚಿಸಿದ್ದರು. ಅದು ಜನಸಾಮಾನ್ಯರ ಕೈಗೆ ಬಂದುದು ೨೦೦೭ರಲ್ಲಿ ಐಫೋನು ಬಂದ ಮೇಲೆ. ಅದಕ್ಕೆ ಮೊದಲೇ ನಮ್ಮ ಬೆಂಗಳೂರಿನಲ್ಲಿ ಒಂದು ಶ್ಲಾಘ್ಯವಾದ ಪ್ರಯತ್ನವು ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಸಂಸ್ಥೆಯವರೂ ಕೂಡಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕವನ್ನು ೨೦೦೧ರಲ್ಲಿ ಜನರ ಮುಂದಿಟ್ಟರು. ಓದುಬರಹ ಬಾರದ ಹಳ್ಳಿಗರಿಗೂ ಅದು ಒದಗಬೇಕೆಂಬುದು ಅವರ ಆಶಯ. ಅದು ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವಂತೆ ಮಾಡಲು ಯತ್ನಿಸಿದರು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಮೂಲಕ ಅದರ ಒಂದು ರೂಪವು ಮಾರುಕಟ್ಟೆಗೂ ಬಂದಿತು. ಅದರೊಳಗಿದ್ದುದೂ ಲಿನಕ್ಸೇ. ಆದರೆ ಅದನ್ನು ಮುಟ್ಟುತ್ತಿದ್ದುದು ಒಂದು ಕಡ್ಡಿಯಿಂದ. ಕಡ್ಡಿ ಒಂದಾದುದರಿಂದ ಏಕವಚನವೇ ಅಲ್ಲಿಗೆ ಸಾಕಾಗಿತ್ತು.

ಇನ್ನು ಲಿನಕ್ಸಿನ ಮೇಜುಗಣಕದೊಳಗೆ ಬಹುವಚನವು ಬಂದ ಬಗೆಯನ್ನು ಹೇಳುವೆನು. ಬೆರಳಿನ ಸುದ್ದಿಯು ಗಾಜಿನಿಂದ ಚಿತ್ರದವರೆಗೆ ನಾಲ್ಕು ಮೆಟ್ಟಿಲುಗಳನ್ನು ಏರಬೇಕು. ಮೊದಲನೆಯದು ಕರ್ನಲ್, ಅಂದರೆ ಯಂತ್ರದ ಅಂಗಾಂಗಗಳೊಡನೆ ನೇರವಾಗಿ ಮಾತಾಡುವ ತಿರುಳು. ಎರಡನೆಯದು ತೆರೆಯನ್ನು ಆಳುವ ಎಕ್ಸ್, ಇಲ್ಲವೇ ಅದರ ಜಾಗಕ್ಕೆ ಈಚೆಗೆ ಬಂದಿರುವ ವೇಲ್ಯಾಂಡ್. ಮೂರನೆಯದು ಟೂಲ್‌ಕಿಟ್, ಅಂದರೆ ಗುಂಡಿ ಪಟ್ಟಿ ಕಿಟಕಿಗಳನ್ನು ಕಟ್ಟಲು ಬರೆಯುವವರೆಲ್ಲರೂ ಬಳಸುವ ಸಿದ್ಧ ಸಾಮಗ್ರಿ, ಜಿ.ಟಿ.ಕೆ. ಮತ್ತು ಕ್ಯೂಟಿ ಎಂಬವು ಇವುಗಳಲ್ಲಿ ಮುಖ್ಯವಾದವು. ನಾಲ್ಕನೆಯದು ನಾವು ತೆರೆಯುವ ಪ್ರೋಗ್ರಾಮು.

ಮೊದಲನೆಯ ಮೆಟ್ಟಿಲಿನಲ್ಲಿ ಹೆನ್ರಿಕ್ ರಿಡ್‌ಬರ್ಗ್ ಎಂಬವರು ೨೦೦೯ರಲ್ಲಿ ಅನೇಕ ಸ್ಪರ್ಶಗಳನ್ನು ಹೇಳುವ ಒಂದು ಸಂಕೇತಪದ್ಧತಿಯನ್ನು ಸೇರಿಸಿದರು. ಮರುವರ್ಷ ಅದಕ್ಕೆ ಒಂದು ಸುಧಾರಣೆಯಾಯಿತು. ತರಗತಿಯಲ್ಲಿ ಹುಡುಗರಿಗೆ ಸ್ಥಳವನ್ನೂ ಹಾಜರಿಪಟ್ಟಿಯಲ್ಲಿ ಅಂಕಿಯನ್ನೂ ಕೊಡುತ್ತೇವಲ್ಲವೆ? ಹಾಗೆಯೇ ಗಾಜಿನ ಮೇಲೆ ಇಳಿದ ಪ್ರತಿಯೊಂದು ಬೆರಳಿಗೂ ಒಂದು ಸ್ಥಾನ, ಒಂದು ಅಂಕಿ. ಬೆರಳು ಎದ್ದೊಡನೆ ಆ ಅಂಕಿಯು ಮುಗಿಯಿತು. ಇದರಿಂದ ಎರಡು ಬೆರಳುಗಳು ಒಂದನ್ನೊಂದು ಸಮೀಪಿಸಿದರೂ ಯಾವುದು ಯಾವುದೆಂಬ ಗೊಂದಲವಿಲ್ಲ. ಫ್ರಾನ್ಸಿನ ನಾಗರಿಕ ವಿಮಾನಯಾನದ ರಾಷ್ಟ್ರೀಯ ವಿದ್ಯಾಲಯದಲ್ಲಿದ್ದ ಸ್ಟೆಫಾನ್ ಶಾತಿ, ಬೆಂಜಮಿನ್ ಟಿಸ್ವಾರ್ ಎಂಬವರು ಬರೆದ ಸಾಮಾನ್ಯ ಚಾಲಕವು ೨೦೧೧ರಲ್ಲಿ ಕರ್ನಲನ್ನು ಸೇರಿತು; ಬೇರೆಬೇರೆ ಕಂಪನಿಗಳ ತೆರೆಗಳನ್ನು ಒಂದೇ ಚಾಲಕವು ನಡೆಸುವಂತಾಯಿತು.

ಎರಡನೆಯ ಮೆಟ್ಟಿಲು ಹೆಚ್ಚು ಕಡಿದಾದುದು. ಪೀಟರ್ ಹಟರರ್ ಎಂಬವರು ಆಸ್ಟ್ರೇಲಿಯಾದಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಒಂದು ತೆರೆಯ ಮೇಲೆ ಹಲವು ಬಾಣಗಳಿರುವ ಎಕ್ಸನ್ನು ರಚಿಸಿದ್ದರು. ಅದು ೨೦೦೯ರಲ್ಲಿ ಎಕ್ಸಿನೊಡನೆಯೇ ಹೊರಬಂದಿತು. ಹಲವು ಬೆರಳುಗಳ ಸ್ಪರ್ಶವು ಎಕ್ಸಿನಲ್ಲಿ ನೆಲೆಗೊಂಡುದು ೨೦೧೨ರ ಮಾರ್ಚಿಯಲ್ಲಿ. ನಡುವಣ ತಡಕ್ಕೆ ಕಾರಣವು ಸೋಮಾರಿತನವಲ್ಲ, ಒಂದು ನಿಜವಾದ ವಿವಾದ. ಒಂದು ಸ್ಪರ್ಶವು ಯಾರ ಸೊತ್ತು? ಮೂರು ಬೆರಳುಗಳ ಸನ್ನೆಗಾಗಿ ಕಿಟಕಿಗಳ ವ್ಯವಸ್ಥಾಪಕನು ಕಾದಿರುತ್ತಾನೆ. ಕೆಳಗಿರುವ ಪ್ರೋಗ್ರಾಮು ಎರಡು ಬೆರಳುಗಳಿಗಾಗಿ ಕಾದಿರುತ್ತದೆ. ಎರಡು ಬೆರಳುಗಳು ಇಳಿದಾಗ ಮೂರನೆಯದು ಬರುವುದೋ ಇಲ್ಲವೋ ಯಾರು ಬಲ್ಲರು? ಮೀಮಾಂಸಕರು ಕರ್ಮದ ಫಲಕ್ಕೆ ಅಧಿಕಾರಿಯು ಯಾರೆಂದು ವಿಚಾರಿಸಿದಂತೆ ಇವರೂ ವಿಚಾರಿಸಿ ಒಂದು ನಿರ್ಣಯಕ್ಕೆ ಬಂದರು: ಸುದ್ದಿಯನ್ನು ಇಬ್ಬರಿಗೂ ಕೊಡಬೇಕು, ಮೊದಲಿನ ಅಧಿಕಾರಿಯು ‘ನನಗೆ ಬೇಕು’ ಅಥವಾ ‘ನನಗೆ ಬೇಡ’ ಎಂದು ಹೇಳುವವರೆಗೆ ಎರಡನೆಯವನು ಅದನ್ನು ತನ್ನದೆಂದು ಪೂರ್ಣವಾಗಿ ಬಗೆಯಕೂಡದು. ಹಳೆಯ ಪ್ರೋಗ್ರಾಮುಗಳು ಕೆಡದಂತೆ ಇನ್ನೊಂದು ಏರ್ಪಾಡನ್ನೂ ಮಾಡಿದರು: ಬಹುವಚನವನ್ನು ಅರಿಯದವರಿಗೆ ಮೊದಲನೆಯ ಬೆರಳನ್ನು ಮೌಸಿನ ವೇಷದಲ್ಲಿ ಕಳಿಸಬೇಕು.

ಮೂರನೆಯ ಮೆಟ್ಟಿಲಿನಲ್ಲಿ ಜಿ.ಟಿ.ಕೆ.ಯು ಸ್ಪರ್ಶದ ಸುದ್ದಿಯನ್ನು ೨೦೧೨ರಲ್ಲಿ ಸ್ವೀಕರಿಸತೊಡಗಿತು; ಹಿಗ್ಗಿಸುವುದು ತಿರುಗಿಸುವುದು ಮೊದಲಾದ ಸನ್ನೆಗಳನ್ನು ೨೦೧೪ರಲ್ಲಿ ಕಲಿತಿತು. ಸನ್ನೆಯ ಲೆಕ್ಕವು ನಮ್ಮ ಶಾಲೆಯ ರೇಖಾಗಣಿತವೇ. ಎರಡು ಬಿಂದುಗಳ ಅಂತರವು ಮೊದಲಿನದಕ್ಕೆ ಎಷ್ಟು ಪಟ್ಟಾಯಿತೋ ಚಿತ್ರವು ಅಷ್ಟು ಪಟ್ಟು ಹಿಗ್ಗಬೇಕು. ಅವುಗಳನ್ನು ಕೂಡಿಸುವ ಗೆರೆಯು ಎಷ್ಟು ಕೋನ ತಿರುಗಿತೋ ಅಷ್ಟು ತಿರುಗಬೇಕು. ಆ ಗೆರೆಯ ಮಧ್ಯಬಿಂದುವು ಎಷ್ಟು ಸರಿಯಿತೋ ಅಷ್ಟು ಸರಿಯಬೇಕು. ಒಂದೇ ಬಿಂದುವಿನಿಂದ ಅಂತರವನ್ನೂ ಕೋನವನ್ನೂ ಹೇಳಲಾಗುವುದಿಲ್ಲ. ಎರಡನೆಯ ಬೆರಳು ಬೇಕಾಗುವುದು ಇದಕ್ಕಾಗಿಯೇ.

ಇಷ್ಟೆಲ್ಲ ಆದ ಮೇಲೂ ನಾಲ್ಕನೆಯ ಮೆಟ್ಟಿಲಿನ ಪ್ರೋಗ್ರಾಮು ಹಳೆಯ ಸಾಮಗ್ರಿಯಿಂದ ಕಟ್ಟಿದುದಾಗಿದ್ದರೆ ಮೊದಲಿನವರ ಶ್ರಮವೆಲ್ಲ ಅಲ್ಲಿಗೆ ನಿಂತುಹೋಗುತ್ತದೆ. ಹೊಸ ಸಾಮಗ್ರಿಗೆ ಬದಲಾಯಿಸುವುದು ಹಗುರವಾದ ಕೆಲಸವಲ್ಲ. ಜಿ.ಟಿ.ಕೆ.ಯು ಮೊದಲು ಹುಟ್ಟಿದುದೇ ಗಿಂಪ್ ಎಂಬ ಚಿತ್ರದ ಪ್ರೋಗ್ರಾಮಿಗಾಗಿ. ಆ ಗಿಂಪೇ ೨೦೧೧ರಲ್ಲಿ ಬಂದ ಮೂರನೆಯ ಜಿ.ಟಿ.ಕೆ.ಯ ಮೇಲೆ ನಿಂತು ೩.೦ ಎಂದು ಹೊರಬಂದುದು ೨೦೨೫ರ ಮಾರ್ಚಿಯಲ್ಲಿ. ಸಂಬಳವಿಲ್ಲದೆ ಬಿಡುವಿನಲ್ಲಿ ದುಡಿಯುವ ಕೆಲವೇ ಜನರು ಹಳೆಯ ಮನೆಯ ಕಂಬಗಳನ್ನು, ಒಳಗೆ ವಾಸವಿರುವಾಗಲೇ, ಒಂದೊಂದಾಗಿ ಬದಲಿಸಿದಂತೆ ಇದು.

ಓಲೆಗಳ ಸಹವಾಸದಲ್ಲಿರುವವರಿಗೆ ಈ ವಿಷಯವು ಬೇಗನೆ ಅರ್ಥವಾಗುತ್ತದೆ. ಹಳಗನ್ನಡದ ಓಲೆಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಭೇದವನ್ನು ತೋರಿಸುತ್ತಿರಲಿಲ್ಲ. ‘ಕೊಡು’ ಎಂಬುದಕ್ಕೂ ‘ಕೋಡು’ ಎಂಬುದಕ್ಕೂ ಬರಹ ಒಂದೇ. ಹಾಡುವವನ ಬಾಯಲ್ಲಿ ಭೇದವಿತ್ತು, ಕೇಳುವವನ ಕಿವಿಯಲ್ಲಿ ಭೇದವಿತ್ತು. ನಡುವಣ ಬರಹದಲ್ಲಿ ಮಾತ್ರ ಇರಲಿಲ್ಲ. ಛಂದಸ್ಸೋ ಪ್ರಕರಣವೋ ನೆರವಿಗೆ ಬಂದರೆ ಅದನ್ನು ಊಹಿಸಬಹುದು; ಬಾರದಿದ್ದರೆ ಆಮೇಲೆ ನೂರು ಪ್ರತಿಗಳಾದರೂ ಒಮ್ಮೆ ಬಿಟ್ಟುಹೋದ ಭೇದವು ಮರಳಿ ಬಾರದು. ಕರ್ನಲ್ ಎರಡೆಂದು ಹೇಳಿದುದನ್ನು ನಡುವಣವನೊಬ್ಬನು ಒಂದೆಂದು ಬರೆದುಕೊಂಡರೆ ಮುಂದಿನವನು ಎಷ್ಟು ಜಾಣನಾದರೂ ಅದನ್ನು ಎರಡು ಮಾಡಲಾರನು. ಪರಂಪರೆಯಲ್ಲಿ ಕಡೆಯ ಕೊಂಡಿಯನ್ನು ಬೈಯುವುದು ಸುಲಭ. ಭೇದವು ಯಾವ ಕೊಂಡಿಯಲ್ಲಿ ಕಳೆಯಿತೆಂದು ಹುಡುಕುವುದೇ ಪಂಡಿತನ ಕೆಲಸ.

ನನ್ನ ವಿದ್ಯಾರ್ಥಿಯು ಮಾಡಿದುದೂ ಅದನ್ನೇ. ಮೊದಲು ಕರ್ನಲಿನ ಸುದ್ದಿಯನ್ನು ಹಾಗೆಯೇ ತೋರಿಸುವ ಒಂದು ಸಣ್ಣ ಸಾಧನವನ್ನು ನಡೆಸಿ ಐದು ಬೆರಳುಗಳನ್ನಿಡಲು ಹೇಳಿದನು; ಐದಕ್ಕೂ ಬೇರೆಬೇರೆ ಅಂಕಿಗಳು ಬಂದವು. ಗಾಜಿಗೂ ತಿರುಳಿಗೂ ದೋಷವಿಲ್ಲವೆಂದಾಯಿತು. ಅನಂತರ ಲಿಬ್‌ಇನ್‌ಪುಟ್ ಎಂಬ ಮಧ್ಯವರ್ತಿಯನ್ನು ವಿಚಾರಿಸಿದನು, ಅದೂ ಐದೆಂದಿತು. ಮೂರನೆಯದಾಗಿ ಹೊಸ ಜಿ.ಟಿ.ಕೆ.ಯಿಂದ ಕಟ್ಟಿದ ಇನ್ನೊಂದು ಪ್ರೋಗ್ರಾಮಿನಲ್ಲಿ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಚಿತ್ರವನ್ನು ತೆರೆದನು. ಎರಡು ಬೆರಳುಗಳಿಗೆ ಬಂಡೆಯ ಅಕ್ಷರಗಳು ಅಂಗೈಯಗಲ ಹಿಗ್ಗಿದವು. ಹಾಗಾದರೆ ಭೇದವು ಕಳೆದುದು ನಾವು ಮೊದಲು ತೆರೆದಿದ್ದ ಹಳೆಯ ಪ್ರೋಗ್ರಾಮಿನ ಸಾಮಗ್ರಿಯಲ್ಲಿ.

“ಗುರುಗಳೆ, ಒಡಲಿನ ಹಾಸಿಗೆ ಸೆರಗಿನ ಹಾಸು ಕುಣಿಕಿ ಹಾಕಿ ಕೂಡಸ್ತೇವಲ್ಲ, ಹಂಗs ಇದು. ಅಲ್ಲೆ ಒಂದು ಎಳಿ ತಪ್ಪಿದರ ಸೆರಗಿನಾಗ ಆ ಎಳಿ ಇಲ್ಲs ಇಲ್ಲ” ಎಂದು ಅವನು ಹೇಳಿದನು. ಇಳಕಲ್ಲಿನ ಸೀರೆಯನ್ನು ಬಲ್ಲವರಿಗೆ ಇದಕ್ಕಿಂತ ಚೆನ್ನಾದ ವ್ಯಾಖ್ಯಾನವು ಬೇಡ. ಅಲ್ಲಿ ಒಡಲೂ ಸೆರಗೂ ಬೇರೆಬೇರೆ ಹಾಸುಗಳು. ಎಳೆಗೆ ಎಳೆಯನ್ನು ಕೂಡಿಸಿದರೆ ಮಾತ್ರ ಒಂದೇ ಸೀರೆಯಾಗುತ್ತದೆ.

ಉಪಾಯವು ಸರಳವಾಗಿತ್ತು. ಓದುವ ಕೆಲಸಕ್ಕೆ ಹಳೆಯ ಪ್ರೋಗ್ರಾಮನ್ನು ಬಿಟ್ಟು ಲೂಪ್ ಎಂಬ ಚಿತ್ರದರ್ಶಕವನ್ನು ಹಿಡಿದೆವು. ಗ್ನೋಮ್ ಮೇಜಿನ ೪೫ನೆಯ ಆವೃತ್ತಿಯೊಡನೆ ೨೦೨೩ರಲ್ಲಿ ಬಂದ ಇದು ಎರಡು ಬೆರಳುಗಳಿಂದ ಹಿಗ್ಗಿಸುವುದನ್ನೂ ತಿರುಗಿಸುವುದನ್ನೂ ಬಲ್ಲದು. ಪ್ರವೇಶದ ತೆರೆಯಲ್ಲಿ ಮೂಲೆಯ ಹಲ್ಲುಗಾಲಿಯ ಗುರುತನ್ನು ಒತ್ತಿ ಎಕ್ಸಿನ ಬದಲು ವೇಲ್ಯಾಂಡನ್ನು ಆರಿಸಿದೆವು. ೨೦೦೮ರಲ್ಲಿ ಆರಂಭವಾದ ವೇಲ್ಯಾಂಡಿನಲ್ಲಿ ಸ್ಪರ್ಶವು ಮೌಸಿನ ವೇಷವಿಲ್ಲದೆ ತನ್ನದೇ ಹೆಸರಿನಿಂದ ಹೋಗುತ್ತದೆ. ಆದರೂ ಶಾಸ್ತ್ರಿಗಳ ಕೈಯ ನಡುಕವನ್ನು ಯಾವ ವ್ಯವಸ್ಥೆಯೂ ಬಲ್ಲದಷ್ಟೆ. ಬೆರಳು ಕಂಪಿಸಿದಾಗ ಚಿತ್ರವೂ ಹಿಗ್ಗಿ ಕುಗ್ಗಿ ಕಂಪಿಸುತ್ತಿತ್ತು. ತೆರೆಯನ್ನು ಹಿಂದಕ್ಕೆ ಮಲಗಿಸಿ, ಮಣಿಕಟ್ಟಿನ ಕೆಳಗೆ ಮಡಿಚಿದ ಪಂಚೆಯೊಂದನ್ನಿಟ್ಟ ಮೇಲೆ ಅದೂ ಹತೋಟಿಗೆ ಬಂದಿತು. ಅವರು ಬೇಕಾದಷ್ಟು ಹಿಗ್ಗಿಸಿ ಕೈ ಎತ್ತಿಬಿಡುತ್ತಾರೆ. ಚಿತ್ರವು ಅಲ್ಲಿಯೇ ನಿಲ್ಲುತ್ತದೆ. ನಾನು ಪಕ್ಕದಲ್ಲಿ ಕುಳಿತು ಅವರು ಓದಿದುದನ್ನು ಬರೆದುಕೊಳ್ಳುತ್ತೇನೆ.

ಗ್ರಂಥವು ಅಪೂರ್ವವಾದುದೇ ಎಂದು ವಾಚಕರು ಕೇಳಬಹುದು. ಅಲ್ಲ, ಅದು ಅಚ್ಚಾಗಿ ಎಲ್ಲೆಡೆಯೂ ದೊರೆಯುವ ಒಂದು ಜ್ಯೋತಿಷದ ಗ್ರಂಥ. ಆದರೆ ಅಂಚುಗಳಲ್ಲಿ, ಮೂಲದ ಅಕ್ಷರಗಳಿಗಿಂತ ಅರ್ಧದಷ್ಟು ಚಿಕ್ಕದಾಗಿ, ಬೇರೊಂದು ಕೈಯು ಬರೆದ ಟಿಪ್ಪಣಿಗಳುಂಟು. ಬರಿಗಣ್ಣಿಗೆ ಅವು ಹುಳು ಹರಿದ ಗೆರೆಗಳಂತೆ ಕಾಣುತ್ತಿದ್ದವು. ಹದಿನೇಳನೆಯ ಗರಿಯ ಅಂಚನ್ನು ಹಿಗ್ಗಿಸಿದಾಗ ಶಾಸ್ತ್ರಿಗಳು ಸುಮ್ಮನಾದರು. ಆಮೇಲೆ ಮೆಲ್ಲನೆ ಓದಿದರು. ಯಾರದೋ ಮನೆಯಲ್ಲಿ ಹುಟ್ಟಿದ ಮಗುವಿನ ತಿಥಿವಾರನಕ್ಷತ್ರಗಳು. ಮುಂದಿನ ಸಾಲಿನಲ್ಲಿ ಆ ಮಗುವು ತೀರಿದ ತಿಥಿ. ಗರಿಗಳನ್ನು ಕಾಪಾಡಿಕೊಂಡು ಬಂದ ಮನೆಯವರಿಗೆ ಈ ವಿಷಯವು ತಿಳಿದಿರಲಿಲ್ಲ. ಹೇಳಿದಾಗ ಆ ಮನೆಯ ಹಿರಿಯ ತಾಯಿಯವರು, “ನಮ್ಮ ಮನ್ಯಾಗಿನ ಕೂಸs ಇರಬೇಕ್ರಿ” ಎಂದು ಹೇಳಿ ಒಳಗೆ ಹೋಗಿ ದೀಪ ಹಚ್ಚಿದರು.

ಇಂಥ ಗರಿಗಳೂ ಇಂಥ ಯಂತ್ರವೂ ಇರುವ ವಾಚಕರಿಗೆ ಎರಡು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಎರಡು ಬೆರಳುಗಳಿಗೆ ಯಂತ್ರವು ಓಗೊಡದಿದ್ದರೆ ಕೂಡಲೆ ಹೊಸದನ್ನು ಕೊಳ್ಳಲು ಹೋಗಬಾರದು. ಮೊದಲು ಬೇರೊಂದು ಪ್ರೋಗ್ರಾಮಿನಲ್ಲಿ ಅದೇ ಚಿತ್ರವನ್ನು ತೆರೆದು ನೋಡಬೇಕು. ಆಮೇಲೆ ಪ್ರವೇಶದ ತೆರೆಯಲ್ಲಿ ವೇಲ್ಯಾಂಡ್ ಉಂಟೇ ಎಂದು ನೋಡಬೇಕು. ಫೈರ್‌ಫಾಕ್ಸಿನಲ್ಲಿ ಓದುವವರಿಗೆ ೨೦೨೩ರ ಡಿಸೆಂಬರಿನಲ್ಲಿ ಬಂದ ೧೨೧ನೆಯ ಆವೃತ್ತಿಯಿಂದೀಚೆಗೆ, ವೇಲ್ಯಾಂಡ್ ಇದ್ದಲ್ಲಿ ಅದು ತಾನಾಗಿಯೇ ಒದಗುತ್ತದೆ. ಇಷ್ಟರಿಂದಲೂ ಆಗದಿದ್ದರೆ ಬಲ್ಲ ತರುಣರೊಬ್ಬರನ್ನು ಕರೆದು ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಪರೀಕ್ಷಿಸಿ ಬರಲು ಹೇಳಬೇಕು.

ನಮ್ಮ ಕಟ್ಟಿನಲ್ಲಿ ಈವರೆಗೆ ೪೧ ಗರಿಗಳಾಗಿವೆ, ೭೧ ಉಳಿದಿವೆ. ಶಾಸ್ತ್ರಿಗಳು ಬೆಳಗಿನ ಹೊತ್ತು ಒಂದು ಗಂಟೆಗಿಂತ ಹೆಚ್ಚು ಕುಳಿತುಕೊಳ್ಳಲಾರರು. ವಾರಕ್ಕೆ ಎರಡು ಸಲ ಬಾಗಲಕೋಟೆಯಿಂದ ಹುನಗುಂದದ ಬಸ್ಸು ಹಿಡಿಯುತ್ತೇನೆ. ನಂದಿನಾಗರಿಯನ್ನು ಕಲಿಯಬೇಕೆಂಬ ಆಸೆಯುಳ್ಳ ತರುಣರು ಯಾರಾದರೂ ಇದ್ದರೆ ನನ್ನೊಡನೆ ಬರಬಹುದು. ಕಲಿಸಲು ಅವರು ಒಪ್ಪಿದ್ದಾರೆ.